ಸ್ಪೇನಿನ ಪಂಚಾಂಗ

ಬೇರೆ ಊರುಗಳಲ್ಲಿ ಯುಗಾದಿಯ ದಿನ ಪಂಚಾಂಗ ಓದಿ ಮಳೆ ಎಷ್ಟು, ಬೆಳೆ ಎಷ್ಟು ಎಂದು ಹೇಳುತ್ತಾರೆ. ನಮ್ಮೂರಲ್ಲಿ ಸ್ಪೇನಿನ ಸಾಹಿತ್ಯ ಚರಿತ್ರೆ ಓದುತ್ತಾರೆ. ವಾಚನಾಲಯದಲ್ಲಿ ಸರಪಳಿ ಹಾಕಿ ಕಟ್ಟಿಟ್ಟ ದಪ್ಪ ಪುಸ್ತಕ ಅದು. ಅಲ್ಲಿನ ಗ್ರಂಥಪಾಲಕ ಪದ್ಮರಾಜಯ್ಯನವರು ಜರಿಪೇಟ ಸುತ್ತಿಕೊಂಡು ಅರಳಿಕಟ್ಟೆಯ ಮೇಲೆ ಕೂತು, ಈಗ ಯಾವ ಅಧ್ಯಾಯ ನಡೆಯುತ್ತಿದೆ, ಮುಂದಿನದು ಯಾವುದು, ಅದರ ಲಕ್ಷಣಗಳೇನು ಎಂದು ಓದಿ ಹೇಳುತ್ತಾರೆ. ಜನ ಬೇವುಬೆಲ್ಲ ತಿನ್ನುತ್ತ ಕೇಳಿಸಿಕೊಂಡು ಮನೆಗೆ ಹೋಗುತ್ತಾರೆ. ಆಮೇಲೊಂದು ಬೆಳಗ್ಗೆ ಹಾಲಿನವನು ಬಾಗಿಲಲ್ಲಿ ನಿಂತು ಬೇರೆಯೇ ಥರ ಮಾತಾಡುತ್ತಾನೆ. ಕಾಲ ಬದಲಾಯಿತು ಎಂದು ಗೊತ್ತಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಎಲ್ಲರ ಬಾಯಲ್ಲೂ ಅದೇ ಮಾತು. ಬೇಡವೆಂದರೂ ಬರುತ್ತದೆ. ಸ್ಪೇನಿನದೇ ಯಾಕೆ ಎಂದು ಹೊರಗಿನವರು ಕೇಳುತ್ತಾರೆ. ಗಾಳಿ ಪಡುವಣದಿಂದಲೇ ಯಾಕೆ ಬೀಸುತ್ತದೆ ಎಂದು ಯಾರಾದರೂ ಕೇಳುತ್ತಾರಾ? ಸ್ಪೇನು ಎಲ್ಲಿದೆ ಎಂದು ನಮ್ಮವ್ವನನ್ನು ಕೇಳಿದರೆ ಗುಡ್ಡದ ಆಚೆ ಅನ್ನುತ್ತಾಳೆ.

ನಾನು ಹುಟ್ಟಿದ್ದು ವೀರಗೀತೆಗಳ ಕಾಲದಲ್ಲಿ. ಆಗ ಗಂಡಸರಿಗೆಲ್ಲ ಗಡ್ಡ. ಬಾಯಿ ಬಿಟ್ಟರೆ ಕುದುರೆ, ಕತ್ತಿ, ಒಡೆಯನ ಋಣ. ನಮ್ಮಪ್ಪ ಜಟಕಾ ಹೊಡೆಯುತ್ತಿದ್ದವನು. ಗಾಡಿಯಿಂದ ಕುದುರೆ ಬಿಚ್ಚಿ, ಅದರ ಮೇಲೆ ಹತ್ತಿ, ಗಡಿ ಕಾಯುತ್ತೇನೆಂದು ಹಳೇ ಸೇತುವೆಯ ಕಡೆ ಹೋದ. ಅಲ್ಲಿ ಶತ್ರುಗಳು ಯಾರೂ ಇರಲಿಲ್ಲ. ಬಿಸಿಲಿಗೆ ಬಿದ್ದು ಸತ್ತ. ಕುದುರೆ ತಾನೇ ದಾರಿ ಹಿಡಿದು ಮನೆಗೆ ಬಂತು. ಊರು ಅಪ್ಪನ ಮೇಲೆ ಹಾಡು ಕಟ್ಟಿತು. ಆ ಹಾಡಿನಲ್ಲಿ ಅವನು ಒಂದು ಸೈನ್ಯವನ್ನೇ ಕಡಿದು ಹಾಕಿದ್ದಾನೆ. ಹಾಡು ಮುಗಿದ ಮೇಲೆ ಅವ್ವ ಕಂಡವರ ಮನೆಯ ಮುಸುರೆ ತಿಕ್ಕಲು ಹೋದಳು. ಅಣ್ಣ ಜವರಪ್ಪ ಜಟಕಾ ಹಿಡಿದ. ಅಕ್ಕ ದೇವೀರಿ ನನ್ನನ್ನು ಸೊಂಟದ ಮೇಲೆ ಹೊತ್ತುಕೊಂಡು ಬೆಳೆದಳು.

ಆಮೇಲೆ ಮಠದವರ ಪದ್ಯದ ಕಾಲ ಬಂತು. ನಲ್ಲಿಯಲ್ಲಿ ನೀರು ಬಂದರೂ ಪವಾಡ. ಆಮೇಲೆ ಕುಂಟಣಿಯರ ಕಾಲ. ಹಲ್ಲಿಲ್ಲದ ಮುದುಕಿಯರು ಮನೆಮನೆ ಹೊಕ್ಕು ಜೋಡಿ ಕೂಡಿಸಿ ಜೋಡಿ ಒಡೆದರು. ಅದಾದ ಮೇಲೆ ಬಂದದ್ದು ಪೋಲಿಗಳ ಕಾಲ. ಅದನ್ನು ಈಗಲೂ ಊರಿನ ದೊಡ್ಡವರು ಬೈಯುತ್ತಾರೆ. ನನ್ನ ಮಟ್ಟಿಗೆ ನಾವು ಮನುಷ್ಯರಂತೆ ಬದುಕಿದ್ದು ಆಗಲೇ. ಯಾರನ್ನೇ ಮಾತಾಡಿಸಿದರೂ ತಾನು ಯಾವ ಕೊಟ್ಟಿಗೆಯಲ್ಲಿ ಹುಟ್ಟಿದೆ, ಯಾವ ಯಜಮಾನನ ಹತ್ತಿರ ಒದೆ ತಿಂದೆ, ಯಾರ ಗಡಿಗೆಯಿಂದ ಅನ್ನ ಕದ್ದೆ ಎಂದು ಶುರುಮಾಡುತ್ತಿದ್ದರು. ಹಸಿವನ್ನು ಮುಚ್ಚಿಡುವ ಅಗತ್ಯವಿರಲಿಲ್ಲ. ಅಕ್ಕ ಹುಸೇನ್ ಸಾಬರ ಅಂಗಡಿಗೆ ಸೇರಿ ಹೊಲಿಗೆ ಕಲಿತದ್ದು ಆಗ. ಕಾಲ ಬದಲಾದಾಗಲೆಲ್ಲ ಊರಿಗೆ ಹೊಸ ಬಟ್ಟೆ ಬೇಕು, ಹಾಗಾಗಿ ನಮ್ಮೂರಲ್ಲಿ ದರ್ಜಿಗೆ ಬಿಡುವಿಲ್ಲ. ಗಿರಾಕಿಯ ಬಟ್ಟೆಯಲ್ಲಿ ಮಿಗಿಸಿದ ಚೂರುಗಳಲ್ಲೇ ನನಗೆ ಚಡ್ಡಿ ಹೊಲಿಯುತ್ತಿದ್ದಳು. ಒಂದು ಕಾಲು ಕೆಂಪು, ಒಂದು ಕಾಲು ಪಟ್ಟೆಪಟ್ಟೆ.

"ನಗ್ತಾರೆ ಕಣಕ್ಕ," ಅಂದರೆ, "ನಗೋರ ಕುಂಡಿ ನೋಡು, ಅಲ್ಲೂ ನಾನೇ ಹಾಕಿರೋ ತೇಪೆ ಐತೆ," ಅನ್ನುತ್ತಿದ್ದಳು.

ಪೋಲಿಗಳ ಕಾಲದ ಕೊನೆಯಲ್ಲಿ ಅವ್ವ ನನ್ನನ್ನು ಊರಂಚಿನ ಪುಕ್ಕಟೆ ಹಾಸ್ಟೆಲಿಗೆ ಸೇರಿಸಿದಳು. ನಾನು ಅತ್ತ ಹೋದೆ, ಇತ್ತ ಊರಿಗೆ ಮಾನದ ನಾಟಕಗಳ ಕಾಲ ಬಂತು.

ಆ ಕಾಲದ ಮೊದಲ ವಾರ ಅಕ್ಕ ಬೇಕರಿ ಈರಣ್ಣನ ಹೆಗಲಿನ ಅಳತೆ ತೆಗೆದಳು. ಅದು ಅವಳ ಕೆಲಸ. ಹಿಂದೆಯೂ ಅದೇ ಹೆಗಲನ್ನು ಅದೇ ಟೇಪಿನಲ್ಲಿ ಅಳೆದಿದ್ದಳು, ಆಗ ಒಬ್ಬರೂ ತಿರುಗಿ ನೋಡಿರಲಿಲ್ಲ. ಅವರಿಬ್ಬರ ನಡುವೆ ಏನಿತ್ತೆಂದು ನನಗೆ ಗೊತ್ತಿಲ್ಲ. ಬನ್ನು ಇತ್ತು. ಅಂಗಿ ಚೆನ್ನಾಗಿ ಕೂತರೆ ಅವನು ಬಿಸಿ ಬನ್ನು ಕೊಡುತ್ತಿದ್ದ, ಅವಳು ತಿನ್ನುತ್ತಿದ್ದಳು. ಈಗ ಎದುರು ಮನೆಯ ಹೆಂಗಸು ನೋಡಿದಳು, ಪಕ್ಕದ ಮನೆಯವಳಿಗೆ ಹೇಳಿದಳು. ಸಂಜೆಯೊಳಗೆ ಬೀದಿಯ ಗಂಡಸರೆಲ್ಲ ಕರೀ ನಿಲುವಂಗಿ ಹೊದ್ದು ನಮ್ಮ ಜಗಲಿಯ ಮುಂದೆ ನಿಂತಿದ್ದರು. ಅಣ್ಣ ಲಾಯದಿಂದ ಬಂದ. ಹುಲ್ಲು ಕತ್ತರಿಸುವ ಚೂರಿ ಅವನ ಕೈಯಲ್ಲಿತ್ತು.

"ವಂಶದ ಕನ್ನಡಿಗೆ ಪರರ ಉಸಿರು ತಾಗಿತು!" ಅಂದ ಜವರಪ್ಪ. "ಒರೆಸಲು ಬಟ್ಟೆ ಸಾಲದು. ರಕ್ತ ಬೇಕು!"

ಜಗಲಿಯ ಮುಂದಿನವರು "ಭಲೆ" ಅಂದರು. ಸುದ್ದಿ ಕೇಳಿ ಹಾಸ್ಟೆಲಿನಿಂದ ಓಡಿಬಂದಿದ್ದ ನಾನು ಅಣ್ಣನ ಮುಖ ನೋಡಿದೆ. ಜಟಕಾ ಹೊಡೆಯುವವನಿಗೆ ಊರಲ್ಲಿ ಯಾರೂ ಹಾಗೆ ಭಲೆ ಅಂದಿರಲಿಲ್ಲ. ಅವನಿಗೆ ಅದು ರುಚಿಸಿತು.

ನಾಟಕದ ಪ್ರಕಾರ ಕೊಲ್ಲುವುದು ಮೂರನೇ ಅಂಕದಲ್ಲಿ. ಪದ್ಮರಾಜಯ್ಯನವರೇ ಪುಸ್ತಕ ನೋಡಿ ಹೇಳಿದರು. ಅಲ್ಲಿಯವರೆಗೆ ಇರಲಿ ಎಂದು ಅಣ್ಣ ಅಕ್ಕನನ್ನು ಲಾಯದ ಪಕ್ಕದ ಹುಲ್ಲಿನ ಕೋಣೆಗೆ ತಳ್ಳಿ ಹಿತ್ತಾಳೆಯ ಬೀಗ ಹಾಕಿದ. ಬೀಗದಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ಆ ಕೋಣೆಗೆ ಬೀದಿಯ ಕಡೆ ಸರಳಿನ ಒಂದು ಕಿಟಕಿ ಇತ್ತು. ಅವ್ವ ಅದರಿಂದ ಮುದ್ದೆ ಒಳಗೆ ಕೊಡುತ್ತಿದ್ದಳು.

ಮೂರನೇ ಅಂಕ ಬರುವಷ್ಟರಲ್ಲಿ ತಿರುಚು ಮಾತಿನ ಕಾಲ ಬಂದು ಅಕ್ಕ ಬದುಕಿಕೊಂಡಳು. ಬೀದಿಯೆಲ್ಲ ಕೂಡಿತ್ತು. ಅಣ್ಣ ಚೂರಿ ಎತ್ತಿ ನಿನ್ನನ್ನು ಕೊಲ್ಲುತ್ತೇನೆ ಎನ್ನಲು ಹೊರಟ. ಬಾಯಿಂದ ಬಂದದ್ದು, ಶಂಖಸದೃಶ ಕಂಠದ ಮೇಲೆ ಉದಯಗಿರಿಯ ಕುಂಕುಮಕೇಸರದ ಕಿರಣಮಾಲಿಕೆ ಎಂದು ಏನೇನೋ. ಹೋಗುತ್ತ ಹೋಗುತ್ತ ಅವನಿಗೇ ದಾರಿ ತಪ್ಪಿತು. ಮದುವೆಯ ಮಾತು ನಡೆಯುತ್ತಿದೆ ಅಂದುಕೊಂಡು ಒಬ್ಬ ಮುದುಕಿ ಕಿಟಕಿಯೊಳಗೆ ಅಕ್ಷತೆ ಎರಚಿದಳು. ಅಣ್ಣ ಚೂರಿ ಇಳಿಸಿದ. ಕೊಂದರೆ ಯಾಕೆ ಕೊಂದ ಎಂದು ನಾಲ್ಕು ಜನಕ್ಕೆ ತಿಳಿಯಬೇಕಲ್ಲ. ತಿಳಿಯದಿದ್ದರೆ ಯಾವ ಮಾನ? ಬೀಗ ಮಾತ್ರ ಹಾಗೇ ಉಳಿಯಿತು. ಆ ಕಾಲದಲ್ಲಿ ಸಂತೆಯಲ್ಲಿ ಬದನೆಕಾಯಿ ಕೊಳ್ಳಲು ಅರ್ಧ ದಿನ ಬೇಕಾಗುತ್ತಿತ್ತು. ಬೀಗ ತೆಗೆಸುವ ಮಾತನ್ನು ಯಾರು ಎಲ್ಲಿಂದ ಶುರುಮಾಡುವುದು?

ಅವ್ವನಿಗೆ ಒಂದೇ ನಂಬಿಕೆ, ಮುಂದಿನ ಕಾಲ. ಊರಿಗೆಲ್ಲ ಅದೇ ರೋಗ. ಗಂಡ ಹೊಡೆದರೂ, ಮಗ ಕುಡಿದರೂ, ಚರಂಡಿ ಕಟ್ಟಿಕೊಂಡರೂ, ಮುಂದಿನ ಅಧ್ಯಾಯ ಬರಲಿ ಅನ್ನುತ್ತಾರೆ. ಬಂದದ್ದು ವಿವೇಕದ ಕಾಲ. ಬೆಣ್ಣೆಯಷ್ಟು ನಯವಾಗಿ ಮಾತಾಡುವ ಗಂಡಸರ ಒಂದು ಸಮಿತಿ ನಮ್ಮ ಕಿಟಕಿಯ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತಿತು. ಮನುಷ್ಯಮಾತ್ರರಿಗೆ ಗಾಳಿ, ಬೆಳಕು ಅವಶ್ಯ ಎಂದು ಒಮ್ಮತಕ್ಕೆ ಬಂತು. ಕಿಟಕಿಯನ್ನು ಒಂದು ಗೇಣು ಅಗಲ ಮಾಡಿಸಿದರು. ಸರಳುಗಳ ನಡುವೆ ತೋಳು ತೂರುವಷ್ಟು ಸಂದಿ ಬಿಡಿಸಿದರು. ಬಾಗಿಲಿನ ವಿಷಯ ಕುಟುಂಬದ ಒಳವಿಚಾರ ಎಂದು ಎದ್ದು ಹೋದರು.

ಆಮೇಲೆ ಕಣ್ಣೀರಿನ ಕಾಲ. ನನ್ನ ಹಾಸ್ಟೆಲಿನ ಹುಡುಗರು ಕೂದಲು ಬಿಟ್ಟುಕೊಂಡು ಸ್ಮಶಾನದಲ್ಲಿ ಓದಲು ಕೂರುತ್ತಿದ್ದರು. ಬಿಳಿಚಿಕೊಂಡ ಹೆಣ್ಣೊಬ್ಬಳು ಸೆರೆಯಲ್ಲಿದ್ದಾಳೆ ಎಂದು ತಿಳಿದು ಸುಗಂಧರಾಜ ಹಿಡಿದು ಕಿಟಕಿಗೆ ಬಂದರು. ಹೆಣಕ್ಕೆ ಇಡುವ ಹೂ ಅದು. ಒಬ್ಬ ಸರಳಿಗೆ ಹಣೆ ಚಚ್ಚಿಕೊಂಡು, "ಹುಣ್ಣಿಮೆಯೊಳಗೆ ನೀನು ಸತ್ತರೆ ನಿನ್ನ ಗೋರಿಯ ಮೇಲೆ ನಾನೂ ಸಾಯುವೆ!" ಅಂದ. ಅಕ್ಕನ ಬಾಯಿಯೂ ಕಾಲಕ್ಕೆ ತಕ್ಕಂತೆ ಏನೋ ಗೋಳಾಡಿತು. ಅವರು ಹೋದ ಮೇಲೆ ಹೂಗಳನ್ನು ಒಳಗೋಡೆಯ ಕಿಂಡಿಯಿಂದ ಕುದುರೆಗೆ ಹಾಕಿದಳು. ಕುದುರೆ ತಿಂದಿತು.

ಅದರ ಮುಂದಿನ ಯುಗಾದಿಗೆ ಪದ್ಮರಾಜಯ್ಯನವರು ಅವ್ವನನ್ನು ಹತ್ತಿರ ಕರೆದು ಸಮಾಧಾನ ಹೇಳಿದರು. ಮುಂದಿನದು ವಾಸ್ತವದ ಅಧ್ಯಾಯ, ಇದ್ದದ್ದನ್ನು ಇದ್ದ ಹಾಗೆ ಹೇಳುವ ಕಾಲ, ನಿಮ್ಮ ಮಗಳ ಕಷ್ಟ ಎಲ್ಲರಿಗೂ ಕಣ್ಣಿಗೆ ಕಟ್ಟುತ್ತದೆ ಎಂದರು. ನಾನೂ ನಂಬಿದೆ. ಆಗ ನಾನು ಕಾಲೇಜಿನಲ್ಲಿದ್ದೆ, ವಾಚನಾಲಯಕ್ಕೆ ಹೋಗಿ ಆ ಅಧ್ಯಾಯವನ್ನು ಮುಂಚೆಯೇ ಓದಿಕೊಂಡಿದ್ದೆ.

ಕಾಲ ಬಂತು. ಎಲ್ಲರ ಬಾಯಿ ತಿಳಿಯಾಯಿತು. ಬೆಳಗ್ಗೆ ಅಕ್ಕ ಸರಳು ಹಿಡಿದು ಬೀದಿಗೆ ಕೇಳುವಂತೆ ಕೂಗಿದಳು.

"ನನ್ನ ಕೂಡಿಹಾಕವ್ರೆ. ನಾನೇನೂ ಮಾಡಿಲ್ಲ. ಯಾರಾದ್ರೂ ಬೀಗ ತೆಗೀರಪ್ಪ."

ಇದಕ್ಕಿಂತ ಸರಳವಾಗಿ ಯಾರೂ ಹೇಳಲಾರರು. ಬೀದಿ ಪೂರ್ತಿ ಕೇಳಿಸಿಕೊಂಡಿತು. ಎದುರು ಮನೆಯವಳು ಹೊರಗೆ ಬಂದು, "ಬಲಗೆನ್ನೆ ಒಳಕ್ಕೆ ಹೋಗ್ಯದೆ, ಎರಡು ಹಲ್ಲು ಬಿದ್ದವೆ, ರವಿಕೆ ಕಂಕುಳಲ್ಲಿ ಹರಿದದೆ," ಎಂದು ಸರಿಯಾಗಿ ಹೇಳಿದಳು. ಪದ್ಮರಾಜಯ್ಯನವರು ಕನ್ನಡಕ ಏರಿಸಿ ಬೀಗ ನೋಡಿದರು. ಹಿತ್ತಾಳೆಯದು, ಬಾಯಿಯ ಹತ್ತಿರ ಕಿಲುಬು, ಕೊಂಡಿಗೆ ಎಣ್ಣೆ ಬಿಟ್ಟಿದ್ದಾರೆ, ಎಂದರು. ಎಲ್ಲವೂ ನಿಜ. ಯಾರೂ ಕೈ ಹಾಕಲಿಲ್ಲ. ನಾನು ದಪ್ಪ ಕಲ್ಲು ತಂದು ಬೀಗ ಜಜ್ಜಿದೆ. ಅಣ್ಣ ಬಂದು ನನ್ನನ್ನು ಕೆಡವಿ ಅದೇ ಕಲ್ಲಿನಿಂದ ನನ್ನ ಬಲಗೈ ಬೆರಳು ಜಜ್ಜಿದ. ರಕ್ತದ ಬಣ್ಣ ಮೊದಲು ಹೇಗಿತ್ತು, ಒಣಗಿದ ಮೇಲೆ ಹೇಗಾಯಿತು ಎಂದು ಬೀದಿಯವರು ಈಗಲೂ ತಪ್ಪಿಲ್ಲದೆ ಹೇಳುತ್ತಾರೆ.

"ನಾನೇನು ಮಾಡ್ಲಿ?" ಅಂದ ಅಣ್ಣ, ಕಲ್ಲು ಬಿಸಾಕಿ. "ನಾನಾಗಿ ಹಾಕಿದ್ನಾ ಬೀಗವ? ಆವಾಗಿನ ಕಾಲ ಹಾಕಿಸ್ತು."

ಒಳಗಿನಿಂದ ಅಕ್ಕ ಅಂದಳು. "ಕಾಲ ಬಂದಿದ್ದು ನಿನ್ನ ಬಾಯಿಗೆ ಕಣಣ್ಣ. ಕೈಗೆ ಯಾವ ಕಾಲಾನೂ ಬರಕಿಲ್ಲ. ನೋಡ್ಕಂಡೇ ಬಂದಿವ್ನಿ, ಇಷ್ಟು ಕಾಲದಿಂದ್ಲೂ. ನಾನು ಬಾಯಲ್ಲಿ ಗೋಳಾಡ್ತಿದ್ದಾಗ್ಲೂ ನನ್ನ ಕೈ ಕುದುರೆಗೆ ಹೂ ಹಾಕ್ತಿತ್ತು. ಬೀಗ ಹಾಕಿದ್ದು ನಿನ್ನ ಕೈ."

ಅಣ್ಣ ಹೋಗಿ ಕುದುರೆಗೆ ನೀರಿಟ್ಟ. ಈ ಮಾತನ್ನೂ ಬೀದಿ ಕೇಳಿಸಿಕೊಂಡಿತು, ಆದರೆ ಅದನ್ನು ಮಾತ್ರ ಯಾರೂ ಮತ್ತೆ ಹೇಳಿದ್ದು ನನಗೆ ಕೇಳಿಸಲಿಲ್ಲ.

ಪುಸ್ತಕದ ಕೊನೆಯ ಅಧ್ಯಾಯದ ಹೆಸರು ಆಧುನಿಕತೆ. ಆ ಪದ ಕೇಳಿ ಅವ್ವ ಕೈಮುಗಿದಳು. ಕರೆಂಟು ಬರುತ್ತದೆ, ಕೋರ್ಟು ಬರುತ್ತದೆ, ಹೆಣ್ಣುಮಕ್ಕಳನ್ನು ಕೂಡಿಹಾಕುವಂತಿಲ್ಲ ಎಂದು ಕಾನೂನು ಬರುತ್ತದೆ ಅಂದುಕೊಂಡಳು. ಬಂದದ್ದು ಹಂಸ. ಆ ಪುಸ್ತಕದಲ್ಲಿ ಆಧುನಿಕತೆ ಎಂದರೆ ಹಂಸದ ಮೇಲೆ ಕಟ್ಟಿದ ಪದ್ಯವಂತೆ. ಒಂದು ಬೆಳಗ್ಗೆ ಹಾಲಿನವನು ಚೆಂಬಿಗೆ ಹಾಲು ಸುರಿಯುತ್ತ, "ಚಂದ್ರನ ಬಿಳಿ ಮೌನ ನಿಮ್ಮ ಪಾತ್ರೆಗೆ," ಅಂದ. ಅಷ್ಟರಲ್ಲಿ ಊರೆಲ್ಲ ನೀಲಿ, ಮುತ್ತು, ಕೊಳ, ಕಮಲ. ಹಂದಿ ಹೊರಳುವ ನಮ್ಮ ಕೆರೆಯೂ ಸ್ಫಟಿಕದ ಕೊಳವಾಯಿತು.

ಅಕ್ಕನಿಗೆ ಇದರಷ್ಟು ಕೆಟ್ಟ ಕಾಲ ಬಂದಿರಲಿಲ್ಲ. ಬಿಸಿಲು ಕಾಣದೆ ಅವಳ ಬಣ್ಣ ಮೇಣದ ಹಾಗಾಗಿತ್ತು. ಊರಿನ ಕವಿಗಳಿಗೆ ಬೇಕಾದ್ದು ಅದೇ ಬಣ್ಣ. ದಂತದ ರಾಜಕುಮಾರಿ ಎಂದು ಹೆಸರಿಟ್ಟು ಸಂಜೆಸಂಜೆ ಕಿಟಕಿಯ ಮುಂದೆ ನೆರೆಯುತ್ತಿದ್ದರು. ಅಣ್ಣನಿಗೆ ಈಗ ಚೂರಿಯ ಗೊಡವೆ ಬೇಕಿರಲಿಲ್ಲ. ರಾಜಕುಮಾರಿಯ ಕಾವಲುಗಾರನೆಂದು ಅವನಿಗೆ ಕವಿಗಳ ನಡುವೆ ಮೊದಲ ಜಾಗ ಸಿಕ್ಕಿತ್ತು. ಒಂದು ಸಂಜೆ ಅಕ್ಕ ಕಿಟಕಿಗೆ ಬಂದಳು. ಬೀಗ ತೆಗೆಯಿರಿ ಎನ್ನಲು ಬಾಯಿ ತೆರೆದಳು. ಬಂದದ್ದು, "ನೀಲ ನಿದ್ದೆಯ ಬಾಗಿಲಲ್ಲಿ ಚಿನ್ನದ ಮೌನವೊಂದು ಮಲಗಿದೆ." ಎಲ್ಲರೂ ಚಪ್ಪಾಳೆ ತಟ್ಟಿದರು. ಈರಣ್ಣನೂ ಇದ್ದ, ಅವನೂ ತಟ್ಟಿದ. ಅಕ್ಕ ಬಾಯಿ ಮುಚ್ಚಿದಳು. ಆಮೇಲೆ ಅವಳು ಮಾತಾಡಿದ್ದನ್ನು ನಾನು ಕೇಳಿಲ್ಲ.

ಕೆರೆಯ ದಂಡೆಯಲ್ಲಿ ಹಂಸೋತ್ಸವ ಮಾಡುವುದೆಂದು ಗಂಡಸರು ತೀರ್ಮಾನಿಸಿದರು. ಎಲ್ಲರಿಗೂ ಬಿಳೀ ಸ್ಯಾಟಿನಿನ ಹಂಸದ ನಿಲುವಂಗಿ. ಹುಸೇನ್ ಸಾಬರು ತೀರಿಹೋಗಿದ್ದರು. ಅಂಥದನ್ನು ಹೊಲಿಯಬಲ್ಲವಳು ಊರಲ್ಲಿ ಒಬ್ಬಳೇ. ಅಣ್ಣ ನನ್ನ ಕೈಯಲ್ಲಿ ಸ್ಯಾಟಿನ್, ಟೇಪು, ಕತ್ತರಿ, ರೇಷ್ಮೆ ದಾರ ಕೊಟ್ಟು ಕಳಿಸಿದ. ಕವಿಗಳು ಒಬ್ಬೊಬ್ಬರಾಗಿ ಬಂದು ಕಿಟಕಿಯ ಹೊರಗೆ ನಿಂತು ತಮಗೆ ಬೇಕಾದ್ದನ್ನು ಬಣ್ಣಿಸಿದರು. ಎಲ್ಲರದೂ ಒಂದು ಮಾತು ಸಾಮಾನ್ಯವಾಗಿತ್ತು, ರೆಕ್ಕೆಯ ತುದಿಯಲ್ಲಿ ಬೆರಳು ಕಾಣಬಾರದು. ಹಂಸಕ್ಕೆಲ್ಲಿಯ ಕೈ?

ಅಕ್ಕ ತಲೆಯಾಡಿಸಿದಳು. ಟೇಪು ತೆಗೆದು ಎಲ್ಲರ ಹೆಗಲಿನ ಅಳತೆ ತೆಗೆದಳು. ಈರಣ್ಣನ ಹೆಗಲನ್ನೂ ಅಳೆದಳು. ಈ ಸಲ ಯಾರೂ ಏನೂ ಅನ್ನಲಿಲ್ಲ.

ಎಲ್ಲರೂ ಹೋದ ಮೇಲೆ ನನ್ನನ್ನು ಕೈಸನ್ನೆ ಮಾಡಿ ಕರೆದಳು. ತಾನು ಹಾಸಿಕೊಳ್ಳುವ ಗೋಣಿಚೀಲ ಎತ್ತಿ, ಅದರ ಬಾಯಿಯ ಹೊಲಿಗೆಯನ್ನು ಬೆರಳಿನಿಂದ ತಟ್ಟಿದಳು. ಆಮೇಲೆ ತನ್ನ ಮೊಳಕೈಯಿಂದ ಬೆರಳ ತುದಿಯವರೆಗೆ ಒಂದು ಗೆರೆ ಎಳೆದಳು. ನಾನು ಅಕ್ಕಿ ಮಂಡಿಗೆ ಹೋಗಿ ದಬ್ಬಳ ಮತ್ತು ಗೋಣಿದಾರ ತಂದುಕೊಟ್ಟೆ. ನನ್ನ ಜಜ್ಜಿದ ಬೆರಳನ್ನು ಹಿಡಿದು ಒಂದು ಕ್ಷಣ ನೋಡಿ ಬಿಟ್ಟಳು.

ಉತ್ಸವದ ದಿನ ಮಧ್ಯಾಹ್ನ ಎಲ್ಲರೂ ತೊಡಲು ಬಂದರು. ಒಬ್ಬೊಬ್ಬರಾಗಿ ಕಿಟಕಿಗೆ ಬೆನ್ನು ಕೊಟ್ಟು ನಿಂತರು. ಅಕ್ಕ ಸರಳಿನ ಸಂದಿಯಿಂದ ಎರಡೂ ತೋಳು ಹೊರಗೆ ಚಾಚಿ, ಅವರ ಕೈಗಳನ್ನು ಮೈಗೆ ಒತ್ತಿ, ರೆಕ್ಕೆ ಮುಚ್ಚಿ, ಒಳಗಡೆ ಗೋಣಿದಾರದಲ್ಲಿ ಹೊಲಿದು, ಹೊರಗಡೆ ರೇಷ್ಮೆ ದಾರದಲ್ಲಿ ಗರಿ ಹಚ್ಚಿದಳು. ಅಂಚುಗಳನ್ನು ನೆಲಕ್ಕೆ ಎಳೆಯುವಷ್ಟು ಉದ್ದ ಬಿಟ್ಟಿದ್ದಳು. ಅವರು ಬಿಗಿಯಾಯಿತೆಂದು ದೂರಲಿಲ್ಲ. ಚೆಲುವಿಗೆ ಬಿಗಿ ಇರಬೇಕು ಎಂದು ಅರ್ಥ ಬರುವ ಏನನ್ನೋ ಹಾಡಿದರು. ಕೊನೆಗೆ ನಿಂತವನು ಅಣ್ಣ. ಅವನದಕ್ಕೆ ಕತ್ತಿನ ಸುತ್ತ ಜರಿ ಇತ್ತು. ಅಕ್ಕ ಎಡ ರೆಕ್ಕೆ ಹೊಲಿದಳು, ಬಲ ರೆಕ್ಕೆ ಹೊಲಿದಳು. ಗಂಟು ಹಾಕಿ ಹಲ್ಲಿನಿಂದ ದಾರ ಕಡಿದಳು. ಆಮೇಲೆ ಬೆನ್ನಿನ ಸೀಳಿನೊಳಗೆ ಕೈ ಹಾಕಿ ಅವನ ಉಡಿದಾರ ಹಿಡಿದು ಕತ್ತರಿಯಿಂದ ಕತ್ತರಿಸಿದಳು. ಬೀಗದಕೈ ಅವಳ ಅಂಗೈಗೆ ಬಂತು.

ಅಣ್ಣನಿಗೆ ಗೊತ್ತಾಯಿತು. ತಿರುಗಿದ. ಅವಳು ಬೀಗದಕೈ ನನಗೆ ಎಸೆದಾಗಿತ್ತು. ಅಣ್ಣ ಹಿಡೀರಿ ಎಂದು ಅರಚಲು ಬಾಯಿ ತೆರೆದ. "ಓ ಹಾರುತ್ತಿದೆ ನನ್ನ ಬಿಳಿಯ ದುಃಖ! ಓ ಮುತ್ತಿನ ಬಾಗಿಲೇ!" ಎಂದು ಬಂತು. ಬೀದಿ ಮೆಚ್ಚಿತು. ಕೈಯಿಲ್ಲದ ಹಂಸಗಳೆಲ್ಲ ರೆಕ್ಕೆ ಬಡಿದವು, ಒದ್ದೆ ದುಪ್ಪಟಿ ಕೊಡವಿದ ಹಾಗೆ. ನಾನು ಬೀಗ ತೆಗೆದೆ. ಅಕ್ಕ ಹೊಸ್ತಿಲು ದಾಟಿ ಬಿಸಿಲಿಗೆ ಕಣ್ಣು ಕಿರಿದು ಮಾಡಿದಳು. ಅಣ್ಣ ಅವಳ ಮೇಲೆ ನುಗ್ಗಿದ, ಅಂಚು ಕಾಲಿಗೆ ಸುತ್ತಿಕೊಂಡು ಚರಂಡಿಗೆ ಬಿದ್ದ. ಬಿದ್ದವನು ಇನ್ನೂ ಜೋರಾಗಿ ಕಿರುಚಿದ, ಇನ್ನೂ ಚೆಲುವಾದ ಸಾಲುಗಳು ಬಂದವು. ಸಾಯುವ ಹಂಸದ ಅಭಿನಯ ಎಂದುಕೊಂಡು ಪದ್ಮರಾಜಯ್ಯನವರು ಕಣ್ಣೊರೆಸಿಕೊಳ್ಳಲು ಹೋದರು. ಅವರಿಗೂ ಕೈ ಇರಲಿಲ್ಲ.

ಅಕ್ಕ ಓಡಲಿಲ್ಲ. ಅಷ್ಟು ವರ್ಷ ಕೂತವಳಿಗೆ ಕಾಲು ಬರುತ್ತಿರಲಿಲ್ಲ. ಗೋಡೆ ಹಿಡಿದು ನಡೆದಳು. ಬೇಕರಿಯ ಬಾಗಿಲಲ್ಲಿ ಈರಣ್ಣ ಹೊಲಿದ ರೆಕ್ಕೆ ಅಲುಗಿಸಿ ಏನೋ ಹಾಡುತ್ತ ಅಡ್ಡ ನಿಂತ. ಅವನನ್ನು ಮೊಳಕೈಯಿಂದ ಸರಿಸಿ, ಗಾಜಿನ ಪೆಟ್ಟಿಗೆ ತೆಗೆದು ಒಂದು ಬನ್ನು ಎತ್ತಿಕೊಂಡಳು. ತಿನ್ನುತ್ತ ತೆಂಕಣ ದಾರಿ ಹಿಡಿದಳು. ಅವ್ವ ಮುಸುರೆ ಕೈಯಲ್ಲೇ ಬೀದಿ ಕೊನೆಯವರೆಗೆ ಜೊತೆಗೆ ಹೋಗಿ, ತನ್ನ ಚಪ್ಪಲಿ ಬಿಟ್ಟುಕೊಟ್ಟು ವಾಪಸು ಬಂದಳು.

ಯುಗಾದಿ ಬಂತು. ಪದ್ಮರಾಜಯ್ಯನವರು ಕಟ್ಟೆಯ ಮೇಲೆ ಕೂತು ಕೊನೆಯ ಹಾಳೆ ತಿರುವಿದರು. ಅಲ್ಲಿಗೆ ಗ್ರಂಥ ಮುಗಿದಿತ್ತು. ಬೇವುಬೆಲ್ಲ ಎಲ್ಲರ ಅಂಗೈಯಲ್ಲೇ ಉಳಿಯಿತು. ಯಾವ ಕಾಲವೂ ಇಲ್ಲದೆ, ತಮ್ಮ ಮಾತು ತಾವೇ ಆಡಬೇಕಾಗಬಹುದು ಎಂಬ ಹೆದರಿಕೆಯನ್ನು ಆ ಮುಖಗಳ ಮೇಲೆ ನಾನು ಮೊದಲ ಸಲ ನೋಡಿದೆ. ಪದ್ಮರಾಜಯ್ಯನವರು ಸುತ್ತ ಒಮ್ಮೆ ಕಣ್ಣಾಡಿಸಿ, ಪುಸ್ತಕ ಮುಚ್ಚಿ, ತಿರುಗಿಸಿ, ಮೊದಲ ಹಾಳೆ ತೆಗೆದರು. ಜನ ನಿಟ್ಟುಸಿರು ಬಿಟ್ಟು ಬೇವುಬೆಲ್ಲ ತಿಂದರು.

ಆಮೇಲೆ ಗಡ್ಡ ಬೆಳೆಯಿತು. ಅಣ್ಣ ಜಟಕಾದಿಂದ ಕುದುರೆ ಬಿಚ್ಚಿದ. ಹಳೇ ಚೂರಿ ಸೊಂಟದಲ್ಲಿತ್ತು. ನಾಲ್ಕು ಜನ ಹಿಂದೆ ನಿಂತಿದ್ದರು, ಭಲೆ ಅನ್ನಲು. "ಎಲವೋ ಅನುಜ, ಕುಲಗೇಡಿ ಯಾವ ದೆಸೆಗೆ ಹೋದಳು? ಪೇಳು!" ಅಂದ. ನನ್ನ ಬಾಯಿಯೂ ಅದೇ ಕಾಲದ್ದು. ಕುಲದ ಕೀರ್ತಿ, ಕುದುರೆಯ ಗೊರಸು, ತಂದೆಯ ಕತ್ತಿ ಎಂದು ಮಹಾ ದೊಡ್ಡ ಮಾತುಗಳನ್ನು ಅದು ಆಡಿತು, ನಾನು ತಡೆಯಲಿಲ್ಲ. ಬೆರಳು ಜಜ್ಜಿದ ಕೈ ಎತ್ತಿ ಬಡಗಣ ಕಡೆ, ಹಳೇ ಸೇತುವೆಯ ದಾರಿ ತೋರಿಸಿದೆ.

ಅವನು ಬಹಳ ದಿನ ಅಲೆದು ಬಂದ. ಚೂರಿಯ ಮೇಲೆ ರಕ್ತವಿತ್ತು. ದಾರಿಯಲ್ಲಿ ಯಾರದೋ ಕುರಿ ಕಡಿದಿದ್ದನಂತೆ, ಕುರಿಯವನು ಆಮೇಲೆ ಕೇಳಿಕೊಂಡು ಬಂದ. ಊರು ಅಷ್ಟಕ್ಕೆ ಕಾಯಲಿಲ್ಲ, ಆಗಲೇ ಹಾಡು ಕಟ್ಟಿತ್ತು. ನಮ್ಮ ಜಗಲಿಯ ಮೇಲೆ ಕೂತು ಹಾಡಿದರು. ಹಾಡಿನಲ್ಲಿ ನಮ್ಮಕ್ಕ ಹಳೇ ಸೇತುವೆಯ ಹತ್ತಿರ ಒಂದೇ ಏಟಿಗೆ ಸತ್ತಳು. ಸಾಯುವಾಗ ಅಣ್ಣನನ್ನು ಹರಸಿದಳು. ಬೀದಿಯವರು ಹೋಳಿಗೆ ಮಾಡಿಸಿದ್ದರು. ಅವ್ವನ ಎಲೆಗೆ ಮೊದಲು ಬಡಿಸಿ, ಅಳುತ್ತಾಳೇನೋ ಎಂದು ಎಲ್ಲರೂ ಅವಳನ್ನೇ ನೋಡಿದರು. ಅವ್ವ ಒಂದು ತಿಂದಳು. ಇನ್ನೊಂದು ತಿಂದಳು. ತುಪ್ಪ ಹತ್ತಿದ ಬೆರಳುಗಳನ್ನು ನೆಕ್ಕಿ, ಇನ್ನೂ ಒಂದಕ್ಕೆ ಕೈ ಚಾಚಿದಳು.